ಪರಪಟ್ಟಣದಲ್ಲಿ ವಿದ್ಯಾರ್ಥಿಯ ಒಂದು ದಿನ

೧

ಕನ್ನಡದಲ್ಲಿ ಪ್ರವಾಸವಾಙ್ಮಯಕ್ಕೆ ಕೊರತೆಯಿದೆಯೆಂದು ಈಗ ಯಾರೂ ಹೇಳಲಾರರು. ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ಯನ್ನು ಬರೆದ ಕಾಲದಲ್ಲಿ ಬೆರಳಿನ ಮೇಲೆ ಎಣಿಸುವಷ್ಟಿದ್ದ ಗ್ರಂಥಗಳು ಇಂದು ಕಪಾಟು ತುಂಬುವಷ್ಟಾಗಿವೆ. ಸಮುದ್ರವನ್ನು ದಾಟಿದ ಕನ್ನಡಿಗನು ತಿರುಗಿ ಬಂದ ಮೇಲೆ ಒಂದು ಪುಸ್ತಕವನ್ನು ಬರೆಯುವದು ಸಂಪ್ರದಾಯವೇ ಆಗಿಬಿಟ್ಟಿದೆ. ಆದರೆ ಈ ರಾಶಿಯನ್ನು ಕೇರಿ ನೋಡಿದರೆ ಒಂದು ಬಗೆಯ ಬರವಣಿಗೆ ಅದರಲ್ಲಿ ತೀರ ವಿರಳವಾಗಿರುವದು ಕಂಡುಬರುತ್ತದೆ. ಓದುವದಕ್ಕೆಂದು ಪರನಾಡಿನ ಪಟ್ಟಣಕ್ಕೆ ಹೋದವನು ಅಲ್ಲಿ ಕಳೆದ ಒಂದು ಸಾಧಾರಣ ದಿನದ ವರ್ಣನೆಯೇ ಅದು. ಬೆಳಿಗ್ಗೆ ಪುಸ್ತಕದ ಮುಂದೆ ಕುಳಿತದ್ದು, ಮಧ್ಯಾಹ್ನ ದಾರಿ ತಿಳಿಯದ ಬೀದಿಗೆ ಇಳಿದದ್ದು, ಸಂಜೆಗೆ ಓದಿದ್ದನ್ನೂ ಕಂಡದ್ದನ್ನೂ ಒಂದಕ್ಕೊಂದು ಹೊಂದಿಸಿಕೊಳ್ಳಲು ಹೆಣಗಿದ್ದು: ಇಷ್ಟನ್ನು ನೆಟ್ಟಗೆ ಹೇಳುವ ಗದ್ಯವು ನಮ್ಮಲ್ಲಿ ಏಕೆ ಬೆಳೆಯಲಿಲ್ಲ, ಅದು ಬೆಳೆಯದೆ ಹೋದುದರಿಂದ ನಮಗಾದ ನಷ್ಟವೇನು, ಎಂಬುದನ್ನು ವಿಚಾರಿಸುವದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈಗಿರುವ ಪ್ರವಾಸಕಥನಗಳ ದೋಷಗಳನ್ನು ನೋಡೋಣ. ಒಂದನೆಯದು ಅಳತೆಯ ದೋಷ. ಗೋಪುರದ ಎತ್ತರವೆಷ್ಟು, ಸೇತುವೆಯ ಉದ್ದವೆಷ್ಟು, ವಸ್ತುಸಂಗ್ರಹಾಲಯದ ಕೋಣೆಗಳೆಷ್ಟು ಎಂಬ ಲೆಕ್ಕವು ಪುಟದಿಂದ ಪುಟಕ್ಕೆ ಸಾಗುವದು. ಇದು ಮಾರ್ಗದರ್ಶಿಯ ಕೆಲಸವೇ ಹೊರತು ಸಾಹಿತಿಯ ಕೆಲಸವಲ್ಲ. ಎರಡನೆಯದು ತಕ್ಕಡಿಯ ದೋಷ. ಲೇಖಕನು ಎರಡು ಪರಡಿಗಳಲ್ಲಿ ಎರಡು ದೇಶಗಳನ್ನಿಟ್ಟುಕೊಂಡೇ ಊರು ಸುತ್ತುವನು. ಅಲ್ಲಿಯ ಬೀದಿಯ ನೈರ್ಮಲ್ಯವನ್ನು ಕಂಡರೆ ತನ್ನ ನಾಡನ್ನು ಹಳಿಯುವನು. ಅಲ್ಲಿಯ ವೃದ್ಧರ ಏಕಾಂತವನ್ನು ಕಂಡರೆ ತನ್ನ ನಾಡನ್ನು ಹೊಗಳುವನು. ಹಳಿದರೂ ಹೊಗಳಿದರೂ ಅವನ ಕಣ್ಣು ಎದುರಿಗಿರುವ ಬೀದಿಯ ಮೇಲೆ ನೆಟ್ಟಿರುವದಿಲ್ಲ. ಮೂರನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ರಸದ ದೋಷ. ಪ್ರವಾಸಕಥನದಲ್ಲಿ ಅದ್ಭುತವೊಂದೇ ರಸವೆಂದು ನಮ್ಮವರು ನಿಶ್ಚಯಿಸಿಕೊಂಡಂತಿದೆ. ಅದ್ಭುತದ ಸ್ಥಾಯಿಭಾವವು ವಿಸ್ಮಯ. ಆದರೆ ಶಾಸ್ತ್ರದಲ್ಲಿ ಸ್ಥಾಯಿಯೆನಿಸಿದ ಈ ಭಾವವು ಪರಪಟ್ಟಣದಲ್ಲಿ ಎಂಟು ದಿನವೂ ನಿಲ್ಲಲಾರದು. ಮೊದಲನೆಯ ದಿನ ಬೆರಗುಗೊಳಿಸಿದ ನೆಲದಡಿಯ ರೈಲು ಹತ್ತನೆಯ ದಿನ ಬರೇ ರೈಲಾಗಿರುತ್ತದೆ. ವಾರದೊಳಗೆ ತಿರುಗಿ ಬರುವ ಪ್ರವಾಸಿಗೆ ಈ ಸಂಗತಿ ತಿಳಿಯಲೇ ಹೋಗುವದಿಲ್ಲ. ಅಲ್ಲಿಯೇ ನಿಲ್ಲಬೇಕಾದ ವಿದ್ಯಾರ್ಥಿಗೆ ಮಾತ್ರ ವಿಸ್ಮಯವು ಇಳಿದುಹೋದ ಮೇಲೆ ಏನು ಉಳಿಯುವದೆಂಬುದು ಗೊತ್ತಾಗುತ್ತದೆ. ಉಳಿಯುವದು ಜಿಜ್ಞಾಸೆ. ಆ ಜಿಜ್ಞಾಸೆಯ ಗದ್ಯವೇ ನಮಗೆ ಬೇಕಾಗಿರುವದು.

೨

ಪರಪಟ್ಟಣವೆಂದರೆ ಸಮುದ್ರದಾಚೆಯದೇ ಆಗಬೇಕೆಂದಿಲ್ಲ. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ವಿದ್ಯೆಗಾಗಿ ದೂರದ ಪಟ್ಟಣಕ್ಕೆ ಹೋದವರ ಪರಂಪರೆ ಬಹಳ ಹಳೆಯದು. ಮಾನ್ವಿ ತಾಲೂಕಿನ ಚೀಕಲಪರವಿಯ ದಾಸಪ್ಪನು ಬಡತನದ ಬೇಗೆಯಿಂದ ಊರು ಬಿಟ್ಟು ಕಾಶಿಗೆ ಹೋದನೆಂದೂ, ಅಲ್ಲಿ ಕೆಲಕಾಲ ಶಾಸ್ತ್ರಾಭ್ಯಾಸ ಮಾಡಿದನೆಂದೂ, ಮುಂದೆ ವಿಜಯದಾಸರೆನಿಸಿ ಹರಿದಾಸ ಸಾಹಿತ್ಯಕ್ಕೆ ಹೊಸ ಜೀವವನ್ನು ತಂದನೆಂದೂ ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಅವರ ಶಿಷ್ಯರಾದ ಗೋಪಾಲದಾಸರು ನಮ್ಮ ದೇವದುರ್ಗ ತಾಲೂಕಿನ ಮೊಸರುಕಲ್ಲಿನವರು. ಗೋಪಾಲದಾಸರ ಶಿಷ್ಯರಾಗಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಬ್ಯಾಗವಾಟದವರು. ಒಂದು ಬಡ ಹುಡುಗನ ಕಾಶೀಯಾತ್ರೆಯಿಂದ ಹದಿನೆಂಟನೆಯ ಶತಮಾನದಲ್ಲಿ ಈ ಎರಡು ನದಿಗಳ ನಡುವಿನ ಸೀಮೆಯಲ್ಲಿ ಒಂದು ಸಾಹಿತ್ಯಮಾರ್ಗವೇ ಬೆಳೆಯಿತೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಒಂದು ಮಾತನ್ನು ಗಮನಿಸಬೇಕು. ತೀರ್ಥದ ಮಹಿಮೆ ಪದವಾಯಿತು, ಸುಳಾದಿಯಾಯಿತು. ಗುರುವಿನ ಮನೆಯ ಜಗಲಿಯ ಮೇಲೆ ತಿಳಿಯದ ಸೂತ್ರವನ್ನು ಮತ್ತೆ ಮತ್ತೆ ಉರುಹೊಡೆದ ಬೆಳಗು, ಮಾತು ಬಾರದ ಓಣಿಯಲ್ಲಿ ಅನ್ನವನ್ನು ಹುಡುಕಿದ ಮಧ್ಯಾಹ್ನ, ಇವು ಗದ್ಯವಾಗಲಿಲ್ಲ. ಅಂದಿನ ಸಾಹಿತ್ಯಧರ್ಮದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಆದುದರಿಂದ ಅವರನ್ನು ದೂಷಿಸುವಂತಿಲ್ಲ.

ಕಾಶಿಯ ತರುವಾಯ ನಮ್ಮವರಿಗೆ ಪರಪಟ್ಟಣವಾದದ್ದು ಹೈದರಾಬಾದು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವು ಕೂಡಿದಾಗ ಈ ಜಿಲ್ಲೆ ನಿಜಾಮರ ರಾಜ್ಯದಲ್ಲಿತ್ತು. ೧೯೪೮ರ ವರೆಗೂ ಇದ್ದಿತು. ಮೇಲ್ಮಟ್ಟದ ವಿದ್ಯೆಗೆ ಹೋಗಬೇಕಾದವರು ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಬೇಕಾಗಿತ್ತು. ರಾಜ್ಯವೊಂದೇ ಆದರೂ ಭಾಷೆಯ ದೃಷ್ಟಿಯಿಂದ ಅದು ಪರದೇಶವೇ. ಅಲ್ಲಿ ಗಣಿತವೂ ರಸಾಯನವೂ ಇತಿಹಾಸವೂ ಉರ್ದುವಿನಲ್ಲಿಯೇ ನಡೆಯುತ್ತಿದ್ದವು. ಪಾಠಗ್ರಂಥಗಳನ್ನು ಉರ್ದುವಿಗೆ ತರುವದಕ್ಕಾಗಿ ಒಂದು ಭಾಷಾಂತರ ಶಾಖೆಯೇ ಇದ್ದಿತು. ದೇಶಭಾಷೆಯೊಂದು ವಿಶ್ವವಿದ್ಯಾಲಯದ ಎಲ್ಲ ಶಾಸ್ತ್ರಗಳ ಭಾರವನ್ನೂ ಹೊರಬಲ್ಲದೆಂಬುದನ್ನು ಕನ್ನಡದ ಹುಡುಗನು ಅಲ್ಲಿ ಕಣ್ಣಾರೆ ಕಂಡನು. ಆದರೆ ಆ ದೇಶಭಾಷೆ ಅವನದಾಗಿರಲಿಲ್ಲ. ಆಶೆಯನ್ನೂ ನೋವನ್ನೂ ಒಂದೇ ಪಾಠದಲ್ಲಿ ಕಲಿಸಿದ ಇಂಥ ತರಗತಿ ಬೇರೆಲ್ಲಿ ದೊರೆಯಬೇಕು? ಯಲಬುರ್ಗಿ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರಂಥವರು ಆ ವಿಶ್ವವಿದ್ಯಾಲಯದಿಂದಲೇ ಬಂದವರು. ಆ ಕಾಲದ ಉರ್ದು ಶಿಕ್ಷಣದ ಫಲವು ಕನ್ನಡಕ್ಕೆ ಹೇಗೆ ಬಂದಿತೆಂಬುದಕ್ಕೆ ನಮ್ಮ ಜಿಲ್ಲೆಯ ಹೆಂಬೆರಾಳಿನ ಶಾಂತರಸರ ಗಜಲುಗಳೇ ಸಾಕ್ಷಿ. ಆದರೆ ಇಲ್ಲಿಯೂ ಅದೇ ಕಥೆ. ಫಲ ಬಂದಿತು, ದಿನ ಬರಲಿಲ್ಲ. ಚಾರಮಿನಾರಿನ ಬೀದಿಯಲ್ಲಿ ಅಲೆದು, ಕೋಣೆಗೆ ಬಂದು, ಉರ್ದುವಿನಲ್ಲಿ ರಸಾಯನಶಾಸ್ತ್ರವನ್ನು ಓದಿದ ಕನ್ನಡ ವಿದ್ಯಾರ್ಥಿಯ ಒಂದು ದಿನಕ್ಕೆ ಮೀಸಲಾದ ಗದ್ಯಗ್ರಂಥವು ನಮ್ಮ ವಾಙ್ಮಯದಲ್ಲಿ ಪ್ರಸಿದ್ಧವಾಗಿ ನಿಂತಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ನೋಡೋಣ. ಹದಿನೈದನೆಯ ಶತಮಾನದಲ್ಲಿ ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ಬಹಮನಿ ಸುಲ್ತಾನರ ಬೀದರಿಗೆ ಬಂದನು. ಮಾರುವದಕ್ಕೆಂದು ತಂದ ಕುದುರೆಯೊಂದೇ ಅವನ ಬಂಡವಾಳ. ಅವನು ವಿದ್ಯಾರ್ಥಿಯಲ್ಲ, ಪಂಡಿತನಂತೂ ಅಲ್ಲವೇ ಅಲ್ಲ. ಆದರೂ ಅವನ ಟಿಪ್ಪಣಿಗಳಲ್ಲಿ ವಿದ್ಯಾರ್ಥಿಯ ಗುಣವಿದೆ. ಜನರು ಏನನ್ನು ಉಣ್ಣುತ್ತಾರೆ, ಹೇಗೆ ಉಡುತ್ತಾರೆ, ಪೇಟೆಯಲ್ಲಿ ಏನು ಮಾರುತ್ತದೆ, ಸುಲ್ತಾನನ ಮೆರವಣಿಗೆ ಹೇಗೆ ಹೊರಡುತ್ತದೆ ಎಂಬುದನ್ನು ಅವನು ಬರೆದಿಟ್ಟನು. ನಮ್ಮ ರಾಯಚೂರಿನ ವಜ್ರಗಳ ಮಾತೂ ಅದರಲ್ಲಿ ಬಂದಿದೆ. ಎಲ್ಲಕ್ಕಿಂತ ಮನಕರಗಿಸುವ ಸಂಗತಿ ಬೇರೆ. ದಾರಿಯಲ್ಲಿ ದರೋಡೆಯಾದಾಗ ಅವನ ಧರ್ಮಗ್ರಂಥಗಳು ಹೋದವು. ಗ್ರಂಥಗಳಿಲ್ಲದ್ದರಿಂದ ತನ್ನ ಹಬ್ಬ ಯಾವ ದಿನ, ಉಪವಾಸ ಯಾವ ದಿನ ಎಂಬುದೇ ಅವನಿಗೆ ತಿಳಿಯದಾಯಿತು. ಇಲ್ಲಿಯ ಜನರ ಹಬ್ಬಗಳನ್ನು ನೋಡಿ ತನ್ನ ಹಬ್ಬವನ್ನು ಊಹಿಸಬೇಕಾಯಿತು. ಈ ದುಃಖವನ್ನು ಅವನು ಮುಚ್ಚಿಡಲಿಲ್ಲ. ಪರಪಟ್ಟಣವು ಮನುಷ್ಯನಿಂದ ಮೊದಲು ಕಿತ್ತುಕೊಳ್ಳುವದು ಹಣವನ್ನಲ್ಲ, ದಿನದ ಲೆಕ್ಕವನ್ನು, ಎಂಬ ಸತ್ಯವು ಗೋಪುರಗಳನ್ನು ಅಳೆಯುವ ಪ್ರವಾಸಿಗೆ ಎಂದಿಗೂ ಹೊಳೆಯಲಾರದು. ಐದು ನೂರು ವರ್ಷಗಳ ಹಿಂದಿನ ಆ ವರ್ತಕನಿಗೆ ಹೊಳೆಯಿತು, ಯಾಕಂದರೆ ಅವನು ಅಲ್ಲಿ ಬದುಕಬೇಕಾಗಿತ್ತು.

೩

ಇನ್ನು ನಮ್ಮ ಮುಖ್ಯ ಪ್ರವಾಸಗ್ರಂಥಗಳ ಕಡೆಗೆ ತಿರುಗೋಣ. ಇಲ್ಲಿ ಒಂದು ಕುತೂಹಲದ ಅಂಶವಿದೆ. ಈ ಗ್ರಂಥಗಳ ಹೆಸರುಗಳಲ್ಲಿರುವ ವಿಭಕ್ತಿಗಳನ್ನು ಗಮನಿಸಿದರೆ ಗ್ರಂಥಕರ್ತನು ಎಲ್ಲಿ ನಿಂತು ಮಾತಾಡುತ್ತಿದ್ದಾನೆಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ಕೇಶಿರಾಜನಿಂದ ಕಲಿತ ಪಾಠವು ವಿಮರ್ಶೆಗೂ ಉಪಯೋಗಕ್ಕೆ ಬರುವದಾದರೆ ಬೇಡವೆನ್ನಬೇಕೇಕೆ?

ವಿ. ಕೃ. ಗೋಕಾಕರು ೧೯೩೬ರಿಂದ ೧೯೩೮ರ ವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದವರು. ಅವರ ಗ್ರಂಥದ ಹೆಸರು ‘ಸಮುದ್ರದಾಚೆಯಿಂದ’. ರೂಪದಲ್ಲಿ ತೃತೀಯೆಯಂತಿದ್ದರೂ ಅರ್ಥದಲ್ಲಿ ಇದು ಪಂಚಮಿ. ಹೊರಟ ಸ್ಥಳವನ್ನು ಹೇಳುವ ವಿಭಕ್ತಿ. ಮಾತಾಡುವವನು ಆ ದಂಡೆಯಲ್ಲಿ ನಿಂತಿದ್ದಾನೆ, ಮಾತು ಈ ದಂಡೆಗೆ ಬರುತ್ತಿದೆ. ತಿರುಗಿ ಬಂದು ನೆನಪಿನಿಂದ ಬರೆದವನ ನಿಲುವಲ್ಲ ಇದು. ಅಲ್ಲಿಯೇ ಇನ್ನೂ ಇರುವವನ ನಿಲುವು. ವಿದ್ಯಾರ್ಥಿಗೆ ಸಹಜವಾದ ವಿಭಕ್ತಿ ಇದೇ. ಧಾರವಾಡದ ಗೆಳೆಯರ ಗುಂಪಿನಲ್ಲಿ ಬೆಳೆದ ಕವಿಗೆ ಈ ದಂಡೆಯಲ್ಲಿ ಕಿವಿಗೊಟ್ಟು ಕೇಳುವವರಿದ್ದರೆಂಬ ಭರವಸೆಯೂ ಆ ಪ್ರತ್ಯಯದಲ್ಲಿ ಅಡಗಿದೆ. ಆ ಪ್ರವಾಸದ ಇನ್ನೊಂದು ಫಲವೆಂದರೆ ೧೯೪೦ರ ‘ಸಮುದ್ರ ಗೀತೆಗಳು’. ಕಡಲನ್ನು ಕಂಡ ಕವಿಗೆ ಹಳೆಯ ಮಟ್ಟುಗಳು ಸಾಲದೆ ಮುಕ್ತವಾದ ಛಂದಸ್ಸು ಬೇಕಾಯಿತೆಂಬುದು ಕಾವ್ಯದ ಚರಿತ್ರೆಯಲ್ಲಿ ಸೇರಿಹೋದ ಮಾತು. ಪರಪಟ್ಟಣಕ್ಕೆ ಹೋಗುವ ದಾರಿಯೇ ಹೊಸ ಲಯವನ್ನು ಬೇಡಿತೆಂದ ಮೇಲೆ, ಆ ಪಟ್ಟಣದ ದಿನಗಳು ಹೊಸ ಗದ್ಯವನ್ನು ಬೇಡದೆ ಇದ್ದೀತೆ?

ಸಪ್ತಮಿಯ ಗ್ರಂಥಗಳು ನಮ್ಮಲ್ಲಿ ಹೆಚ್ಚು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆಯನ್ನು ಪಡೆಯಿತು. ಈ ಹೆಸರಿನಲ್ಲಿ ಒಂದು ಶ್ಲೇಷವಿದೆ. ಅಮೆರಿಕಕ್ಕೆ ಹೋದದ್ದು ಗೊರೂರು ಎಂಬ ಮನುಷ್ಯನೂ ಹೌದು, ಗೊರೂರು ಎಂಬ ಹಳ್ಳಿಯೂ ಹೌದು. ಹೇಮಾವತಿಯ ದಂಡೆಯ ಆ ಹಳ್ಳಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಅವರು ಎಲ್ಲವನ್ನೂ ನೋಡಿದರು. ಗ್ರಂಥದ ಹಾಸ್ಯಕ್ಕೂ ಸವಿಗೂ ಅದೇ ಕಾರಣ. ಅತಿಥಿಗೆ ದೊರೆಯುವ ನಿರಾಳ ಅವರಿಗಿತ್ತು. ಬೆಳಿಗ್ಗೆ ಎದ್ದು ಯಾರಿಗೂ ಪಾಠವನ್ನು ಒಪ್ಪಿಸಬೇಕಾಗಿರಲಿಲ್ಲ. ಎ. ಎನ್. ಮೂರ್ತಿರಾಯರಾದರೋ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂಬ ಹೆಸರಿನಲ್ಲಿಯೇ ತಮ್ಮ ವಯಸ್ಸನ್ನು ಷಷ್ಠಿಯಲ್ಲಿಟ್ಟು, ಓದುಗನು ಯಾರ ಕಣ್ಣಿನಿಂದ ನೋಡಬೇಕೆಂಬುದನ್ನು ಸೂಚಿಸಿಬಿಟ್ಟರು. ಇದು ಲೇಖಕನ ಪ್ರಾಮಾಣಿಕತೆ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದಲ್ಲಿ ವಿಭಕ್ತಿಯೇ ಇಲ್ಲ; ಹಿಂದೆಂದೂ ಕಾಣದ್ದು ಎಂಬ ಅರ್ಥವೂ ಪೂರ್ವವಲ್ಲದ್ದು ಎಂಬ ಅರ್ಥವೂ ಒಂದೇ ಪದದಲ್ಲಿ ಕೂಡಿವೆ. ನೋಡುವವನನ್ನು ಹಿಂದಕ್ಕೆ ಸರಿಸಿ ನೋಡಿದ್ದನ್ನು ಮುಂದಿಡುವ ಕಾರಂತರ ಸ್ವಭಾವಕ್ಕೆ ಇದು ಒಪ್ಪುವಂಥದೇ ಆಗಿದೆ.

ನಮ್ಮ ವಿಷಯಕ್ಕೆ ಹತ್ತಿರವಾದವು ಇನ್ನೆರಡು ಗ್ರಂಥಗಳು. ಬಿ. ಜಿ. ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಮತ್ತು ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ಇಬ್ಬರೂ ಸಸ್ಯಶಾಸ್ತ್ರಜ್ಞರು. ಸ್ವಾಮಿಯವರು ಹಾರ್ವರ್ಡಿನಲ್ಲಿ ಬೇಯ್ಲಿ ಎಂಬ ವಿದ್ವಾಂಸರೊಡನೆ ಸಂಶೋಧನೆ ನಡೆಯಿಸಿದವರು. ಕಾಮತರು ಸಿರಕ್ಯೂಸಿನಲ್ಲಿ ೧೯೬೦ರ ದಶಕದಲ್ಲಿ ಓದಿ ಡಾಕ್ಟರೇಟು ಪಡೆದವರು. ಕಾಮತರ ಹೆಸರಿನಲ್ಲಿರುವ ಆ ‘ನಾನೂ’ ಎಂಬ ಸಮುಚ್ಚಯವನ್ನು ನೋಡಿರಿ. ಎಷ್ಟೋ ಜನ ಹೋಗಿದ್ದಾರೆ, ಅವರಲ್ಲಿ ನಾನೂ ಒಬ್ಬ ಎಂಬ ಈ ಚಿಕ್ಕ ನಗು ವಿಸ್ಮಯದ ಭಾರವನ್ನೆಲ್ಲ ಒಮ್ಮೆಗೇ ಇಳಿಸಿಬಿಡುತ್ತದೆ. ಸಸ್ಯವನ್ನು ಅಭ್ಯಾಸ ಮಾಡುವವನಿಗೆ ಸೂಕ್ಷ್ಮದರ್ಶಕದ ಮುಂದೆ ಕಳೆಯುವ ತಾಸುಗಳೂ, ಬೂಟಿಗೆ ಮಣ್ಣು ಹತ್ತಿಸಿಕೊಂಡು ಅಡವಿಯಲ್ಲಿ ಅಲೆಯುವ ತಾಸುಗಳೂ ಒಂದೇ ಕೆಲಸದ ಎರಡು ಭಾಗಗಳು. ಓದು ಬೇರೆ, ಸುತ್ತಾಟ ಬೇರೆ ಎಂಬ ಭೇದವು ಅವನಿಗೆ ಮೊದಲಿನಿಂದಲೂ ಇರುವದಿಲ್ಲ. ನಮ್ಮಲ್ಲಿ ವಿದ್ಯಾರ್ಥಿಯ ದಿನವನ್ನು ಬರೆಯುವ ಯೋಗ್ಯತೆ ಸಾಹಿತ್ಯದ ಪಂಡಿತರಿಗಿಂತ ಸಸ್ಯಶಾಸ್ತ್ರಜ್ಞರಿಗೆ ಮೊದಲು ಬಂದದ್ದು ಆಕಸ್ಮಿಕವಲ್ಲವೆಂದು ನಾನು ತಿಳಿಯುತ್ತೇನೆ.

೪

ಇಷ್ಟಾದರೂ ನಮ್ಮ ಸಾಹಿತ್ಯದ ಮೇಲೆ ಅತ್ಯಂತ ಆಳವಾದ ಗುರುತನ್ನು ಬಿಟ್ಟುಹೋದ ಎರಡು ದಿನಗಳು ಯಾವ ಪ್ರವಾಸಕಥನದ ವಸ್ತುವೂ ಆಗಿ ಹುಟ್ಟಲಿಲ್ಲ. ಒಂದು ಬರ್ಮಿಂಗ್‌ಹ್ಯಾಮಿನದು, ಇನ್ನೊಂದು ಚಿಕಾಗೋದು. ಇವುಗಳನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕು.

ಯು. ಆರ್. ಅನಂತಮೂರ್ತಿಯವರು ೧೯೬೦ರ ದಶಕದ ಮಧ್ಯದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ಒಂದು ದಿನ ಗುರುಗಳಾದ ಮ್ಯಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಎಂಬ ಸ್ವೀಡಿಷ್ ಚಲಚ್ಚಿತ್ರವನ್ನು ನೋಡಹೋದರು. ಚಿತ್ರದ ಕೆಳಗೆ ಇಂಗ್ಲಿಷಿನ ಸಾಲುಗಳಿರಲಿಲ್ಲ, ಮಾತು ಅರ್ಥವಾಗಲಿಲ್ಲ. ಪ್ಲೇಗು ಹಬ್ಬಿದ ಮಧ್ಯಯುಗದ ಒಂದು ನಾಡು ತೆರೆಯ ಮೇಲೆ ಚಲಿಸುತ್ತಿತ್ತು. ಹೊರಗೆ ಬಂದ ಮೇಲೆ ಅವರು ಗುರುವಿಗೆ ಹೇಳಿದ ಮಾತಿನ ಸಾರವಿಷ್ಟು: ಯುರೋಪಿನವನಿಗೆ ಮಧ್ಯಯುಗವು ಗ್ರಂಥದಿಂದ ಕಲ್ಪಿಸಿಕೊಳ್ಳಬೇಕಾದ ವಸ್ತು, ನಮಗಾದರೋ ಅದು ಈ ಯುಗದೊಡನೆ ಪಕ್ಕದ ಮನೆಯಲ್ಲಿಯೇ ವಾಸಿಸುತ್ತಿದೆ. ಹಾಗಾದರೆ ಅದನ್ನೇ ಬರೆಯೆಂದು ಗುರುಗಳು ಹೇಳಿದರು. ಹೀಗೆ ಹುಟ್ಟಿದ್ದು ೧೯೬೫ರ ‘ಸಂಸ್ಕಾರ’. ಈ ಸಂಗತಿಯನ್ನು ಅನಂತಮೂರ್ತಿಯವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಇಲ್ಲಿ ನಡೆದದ್ದೇನು? ವಿದ್ಯಾರ್ಥಿಯು ಪರಪಟ್ಟಣದಲ್ಲಿ ಪರರ ಚಿತ್ರವನ್ನು ಪರಭಾಷೆಯಲ್ಲಿ ನೋಡಿದನು. ಆ ಭಾಷೆ ಅವನು ಇದ್ದ ಊರಿನವರಿಗೂ ಪರಭಾಷೆಯೇ. ಅವನಿಗೆ ಕಂಡದ್ದು ಮಲೆನಾಡಿನ ಅಗ್ರಹಾರ. ಎಲ್ಲವೂ ಅರ್ಥವಾಗಿದ್ದರೆ ಬಹುಶಃ ಅವನು ಚಿತ್ರವನ್ನಷ್ಟೇ ನೋಡಿ ಬರುತ್ತಿದ್ದನು. ಅರ್ಥವಾಗದ ಎಡೆಯಲ್ಲಿ ಅವನ ಸ್ವಂತದ ನೆನಪು ನುಗ್ಗಿತು. ಪ್ರವಾಸಿಗೆ ಅಜ್ಞಾನವೆಂದರೆ ಅಡ್ಡಿ. ದುಭಾಷಿಯನ್ನು ಕರೆದು ಅದನ್ನು ಬೇಗನೆ ನಿವಾರಿಸಿಕೊಳ್ಳುವನು. ವಿದ್ಯಾರ್ಥಿಗೆ ಅಜ್ಞಾನವೇ ಬಂಡವಾಳ. ತನಗೆ ತಿಳಿಯದುದರ ಮುಂದೆ ಓಡಿಹೋಗದೆ ಕುಳಿತುಕೊಳ್ಳುವ ತಾಳ್ಮೆಯನ್ನು ಅವನ ದಿನವು ಅವನಿಗೆ ಕಲಿಸುತ್ತದೆ.

ಎರಡನೆಯದು ಎ. ಕೆ. ರಾಮಾನುಜನ್ನರದು. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ೧೯೫೯ರಲ್ಲಿ ಅಮೆರಿಕಕ್ಕೆ ಹೋದವರು ಇವರು. ೧೯೬೨ರಲ್ಲಿ, ಚಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದ ಹೊಸತರಲ್ಲಿ, ಒಂದು ಶನಿವಾರ ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕಿಕೊಂಡು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅಲ್ಲಿ, ಇನ್ನೂ ಪಟ್ಟಿಯಲ್ಲಿ ಸೇರದೆ ಧೂಳು ಹಿಡಿದು ಬಿದ್ದಿದ್ದ ಗ್ರಂಥಗಳ ನಡುವೆ, ಅವರ ಕೈಗೆ ‘ಕುರುಂದೊಗೈ’ ಎಂಬ ಸಂಗಂ ಕಾಲದ ಸಂಕಲನವು ಸಿಕ್ಕಿತು. ಮನೆಯಲ್ಲಿ ತಮಿಳನ್ನೇ ಆಡುತ್ತ ಬೆಳೆದ ಮನುಷ್ಯನಿಗೆ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ತನ್ನದೇ ಕಾವ್ಯವು ದೊರೆತದ್ದು ಮಿಶಿಗನ್ ಸರೋವರದ ದಂಡೆಯ ಒಂದು ನೆಲಮಾಳಿಗೆಯಲ್ಲಿ. ಪರಂಪರೆಯು ಹುಟ್ಟಿನಿಂದ ಬರುವ ಆಸ್ತಿಯಲ್ಲ, ದುಡಿದು ಗಳಿಸಬೇಕಾದದ್ದು ಎಂಬ ತೀರ್ಮಾನಕ್ಕೆ ಅವರು ಬಂದದ್ದು ಈ ಅನುಭವದಿಂದಲೇ.

ದೇವದುರ್ಗದ ಓದುಗರಿಗೆ ಇದು ದೂರದ ಕಥೆಯೆನಿಸಬಹುದು. ಹಾಗಲ್ಲ. ಅದೇ ರಾಮಾನುಜನ್ನರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಿಂದ ನಮ್ಮ ವಚನಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ಜೊತೆಗೆ ಅದರಲ್ಲಿ ದೇವರ ದಾಸಿಮಯ್ಯನೂ ಇದ್ದಾನೆ. ದಾಸಿಮಯ್ಯನ ಮುದನೂರು ಇರುವದು ಸುರಪುರದ ಸೀಮೆಯಲ್ಲಿ. ನಮ್ಮ ತಾಲೂಕಿನಿಂದ ಕೃಷ್ಣೆಯನ್ನು ದಾಟಿದರೆ ಆ ಸೀಮೆಯೇ. ನಮ್ಮ ನೆರೆಯ ನೇಕಾರನ ಮಾತನ್ನು ಜಗತ್ತಿನ ಓದುಗರು ಕೇಳಿದ್ದು ಚಿಕಾಗೋದಲ್ಲಿ ಕುಳಿತು ಅಭ್ಯಾಸ ಮಾಡಿದವನೊಬ್ಬನ ಬಾಯಿಂದ. ಹೊಳೆ ದಾಟಿ ಹೋಗಬಹುದಾದ ಊರಿನ ಕವಿಯನ್ನು ನಾವು ಕಾಣಬೇಕಾದರೆ ಕೆಲವೊಮ್ಮೆ ಕಡಲನ್ನು ದಾಟಬೇಕಾಗುವದೆಂಬುದೇ ಇದರ ಮರ್ಮ.

ಆದರೆ ನಮ್ಮ ಪ್ರಶ್ನೆ ಇಲ್ಲಿಗೆ ಮುಗಿಯುವದಿಲ್ಲ. ಬರ್ಮಿಂಗ್‌ಹ್ಯಾಮಿನ ಆ ದಿನದ ಕಥೆ ಕನ್ನಡದಲ್ಲಿ ಉಳಿದಿದೆ. ಅನಂತಮೂರ್ತಿಯವರ ಆತ್ಮಕಥೆಯಾದ ‘ಸುರಗಿ’ಯೂ ೨೦೧೨ರಲ್ಲಿ ಕನ್ನಡದಲ್ಲಿಯೇ ಬಂದಿತು. ಚಿಕಾಗೋದ ಆ ಶನಿವಾರ ಮಾತ್ರ ಇಂಗ್ಲಿಷಿನಲ್ಲಿ, ತಮಿಳು ಕವಿತೆಗಳ ಅನುವಾದವೊಂದರ ಹಿನ್ನುಡಿಯಲ್ಲಿ ದಾಖಲಾಯಿತು. ‘ಹೊಕ್ಕುಳಲ್ಲಿ ಹೂವಿಲ್ಲ’ದಂಥ ಕನ್ನಡ ಕವಿತೆಗಳನ್ನು ಬರೆದ ಕವಿಯ ಆ ದಿನಕ್ಕೆ ಕನ್ನಡ ಗದ್ಯದಲ್ಲಿ ಮನೆ ಸಿಕ್ಕಲಿಲ್ಲ. ಇದು ಅವರ ದೋಷವಲ್ಲ. ಅವರು ಬರೆದದ್ದು ಆ ಅನುವಾದದ ಓದುಗರಿಗಾಗಿ. ಆದರೆ ಪರದೇಶದಲ್ಲಿ ಓದುವ ಕನ್ನಡಿಗನು ತನ್ನ ಓದಿನ ಅನುಭವವನ್ನು ಹೇಳಬೇಕೆಂದಾಗ ಅವನ ನಾಲಗೆಗೆ ಮೊದಲು ಬರುವದು ಓದಿದ ಭಾಷೆಯೇ. ಸುತ್ತಾಡಿದ್ದನ್ನು ಅವನು ಕನ್ನಡದಲ್ಲಿ ಹೇಳಬಲ್ಲನು, ಓದಿದ್ದನ್ನು ಹೇಳಲಾರನು. ಆದುದರಿಂದಲೇ ನಮ್ಮ ಪ್ರವಾಸಗದ್ಯದಲ್ಲಿ ದಿನದ ಅರ್ಧಭಾಗ, ಬೀದಿಯ ಭಾಗ, ಮಾತ್ರ ಇದೆ, ಮೇಜಿನ ಭಾಗವಿಲ್ಲ. ನಷ್ಟವೆಂದರೆ ಇದೇ. ಅರ್ಧ ದಿನದ ಸಾಹಿತ್ಯವನ್ನು ಪೂರ್ಣ ದಿನದ ಸಾಹಿತ್ಯವೆಂದು ನಾವು ತಿಳಿದುಕೊಂಡು ಕುಳಿತಿದ್ದೇವೆ.

೫

ಇದಕ್ಕೆ ಒಂದು ಆಕ್ಷೇಪ ಬರಬಹುದು. ಸಾಧಾರಣ ದಿನದಲ್ಲಿ ರಸವೆಲ್ಲಿದೆ? ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡದ್ದು, ರೊಟ್ಟಿಯ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿದ್ದು, ಇವನ್ನು ಯಾರು ಓದುತ್ತಾರೆ? ಆಕ್ಷೇಪವು ತಳ್ಳಿಹಾಕುವಂಥದಲ್ಲ. ದಿನಚರಿಯೆಲ್ಲವೂ ಸಾಹಿತ್ಯವಾಗುವದಿಲ್ಲ. ದಿನವು ಸಾಹಿತ್ಯವಾಗಬೇಕಾದರೆ ಅದರ ನಡುವೆ ಒಂದು ಪ್ರಶ್ನೆಯಿರಬೇಕು. ಬೆಳಿಗ್ಗೆ ಪುಸ್ತಕದಲ್ಲಿ ಎದ್ದ ಪ್ರಶ್ನೆಗೆ ಮಧ್ಯಾಹ್ನ ಬೀದಿಯಲ್ಲಿ ಅರೆ ಉತ್ತರವೋ ಎದುರುತ್ತರವೋ ಸಿಕ್ಕಬೇಕು. ಕಟ್ಟಡಗಳ ಹೆಸರು ಎಷ್ಟು ಬಂದಿತೆಂಬುದರಿಂದಲ್ಲ, ಪ್ರಶ್ನೆ ಎಷ್ಟು ದೂರ ನಡೆಯಿತೆಂಬುದರಿಂದ ಇಂಥ ಗದ್ಯವನ್ನು ಅಳೆಯಬೇಕು.

ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. ೧೯೧೫ರ ವರೆಗೆ ಮಸ್ಕಿಯ ಬಂಡೆಯ ಮೇಲಿನ ಅಕ್ಷರಗಳನ್ನು ದನ ಕಾಯುವವರೂ ಹೊಲಕ್ಕೆ ಹೋಗುವವರೂ ದಿನವೂ ನೋಡುತ್ತಿದ್ದಿರಬೇಕು. ಆ ವರ್ಷ ಚಿನ್ನದ ನೆಲೆಯನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನು ಅವುಗಳ ಮುಂದೆ ನಿಂತನು. ಅವನು ಹುಡುಕಿದ್ದು ಚಿನ್ನವನ್ನು. ದೊರೆತದ್ದು ಅಶೋಕನ ಹೆಸರು. ಅಲ್ಲಿಯ ವರೆಗೆ ದೊರೆತ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರ ಇದ್ದಿತು, ಆ ಬಿರುದಿನ ಅರಸನು ಅಶೋಕನೇ ಎಂಬುದು ನಮ್ಮ ಜಿಲ್ಲೆಯ ಆ ಬಂಡೆಯಿಂದ ಸ್ಪಷ್ಟವಾಯಿತು. ಅವನಿಗೆ ಇದು ಪರದೇಶ, ನಮಗೆ ಹಿತ್ತಲು. ಪರದೇಶದಲ್ಲಿರುವವನು ಎಚ್ಚರದಿಂದ ನಡೆಯುತ್ತಾನೆ. ಹಿತ್ತಲಿನಲ್ಲಿರುವವನು ಎಡವಿದಾಗ ಮಾತ್ರ ಕೆಳಗೆ ನೋಡುತ್ತಾನೆ. ಈ ಎಚ್ಚರವನ್ನು ಕಲಿತು ಬರುವದೇ ಪರಪಟ್ಟಣದ ವಿದ್ಯಾಭ್ಯಾಸದ ನಿಜವಾದ ಪದವಿ. ಕಾಗದದ ಪದವಿ ಅದರ ರಸೀದಿ ಮಾತ್ರ.

ಭಾಷೆಯ ಅಡ್ಡಿಯೂ ದಾಟಲಾರದ್ದೇನಲ್ಲ. ಶಾಸ್ತ್ರದ ಮಾತನ್ನು ಕನ್ನಡದಲ್ಲಿ ಹೇಳಲು ಪದಗಳಿಲ್ಲವೆಂಬುದು ಹಳೆಯ ದೂರು. ಆದರೆ ವಿದ್ಯಾರ್ಥಿಯ ದಿನವನ್ನು ಬರೆಯುವವನಿಗೆ ಪರಿಭಾಷೆಯ ಕೋಶವು ಬೇಕಾಗಿಲ್ಲ. ತನಗೆ ಯಾವುದು ತಿಳಿಯಲಿಲ್ಲ, ಏಕೆ ತಿಳಿಯಲಿಲ್ಲ, ಯಾವ ಗಳಿಗೆಯಲ್ಲಿ ತಿಳಿಯಿತು ಎಂಬುದನ್ನು ಹೇಳಲು ತಾಯಿಯ ಮಾತೇ ಸಾಕು; ಬಹುಶಃ ಅದೊಂದೇ ಸಾಕಾಗುವಂಥದು. ಸ್ವಾಮಿಯವರೂ ಕಾಮತರೂ ವಿಜ್ಞಾನವನ್ನು ನಗುನಗುತ್ತ ಕನ್ನಡದಲ್ಲಿ ಹೇಳಿ ಈ ಮಾತನ್ನು ಸಿದ್ಧಪಡಿಸಿದ್ದಾರೆ.

೬

ಮುಂಬಯಿಯ ಕಡೆಯಿಂದ ಬಂದ ರೈಲಿನ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ೧೮೭೧ರಲ್ಲಿ ಒಂದನ್ನೊಂದು ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ಈ ಜಿಲ್ಲೆ ದೂರದ ಪಟ್ಟಣಗಳ ದಾರಿಯಲ್ಲಿಯೇ ಇದೆ. ಹೊಟ್ಟೆಯ ಪಾಡಿಗಾಗಿ ಆ ದಾರಿಯನ್ನು ಹಿಡಿದವರು ಅಸಂಖ್ಯರು. ಅವರ ದಿನಗಳನ್ನು ಬರೆಯುವದು ಬೇರೊಂದು ದೊಡ್ಡ ಋಣ. ಇಂದು ದೇವದುರ್ಗ, ಮಾನ್ವಿ, ಸಿಂಧನೂರಿನ ತರುಣ ತರುಣಿಯರು ಓದಿಗಾಗಿಯೂ ಕಡಲನ್ನು ದಾಟುವ ಕಾಲ ಬಂದಿದೆ. ಅವರು ಮನೆಗೆ ಕಳಿಸುವದು ಬಹುಮಟ್ಟಿಗೆ ಭಾವಚಿತ್ರಗಳನ್ನು. ಗೋಪುರದ ಮುಂದೆ ನಿಂತ ಭಾವಚಿತ್ರದಲ್ಲಿ ಗೋಪುರವೂ ಕಾಣುತ್ತದೆ, ಮಗನೂ ಕಾಣುತ್ತಾನೆ. ಆ ದಿನ ಅವನು ಓದಿದ್ದೇನು, ಓದಿದ್ದು ಅವನನ್ನು ಎಲ್ಲಿ ಚುಚ್ಚಿತು, ದಾರಿ ತಪ್ಪಿದಾಗ ಯಾವ ಭಾಷೆಯಲ್ಲಿ ಅವನು ಮನಸ್ಸಿನೊಳಗೆ ಮಾತಾಡಿಕೊಂಡನು, ಇದು ಕಾಣುವದಿಲ್ಲ.

ಅವರಲ್ಲಿ ಒಬ್ಬಿಬ್ಬರಾದರೂ ತಮ್ಮ ಒಂದು ದಿನವನ್ನು, ಒಂದೇ ದಿನವನ್ನು, ಕನ್ನಡದಲ್ಲಿ ಪೂರ್ಣವಾಗಿ ಬರೆದು ಕಳಿಸಲಿ. ಅದರಲ್ಲಿ ಅಳತೆಗಳು ಬೇಡ, ತಕ್ಕಡಿಯೂ ಬೇಡ. ಬೆಳಿಗ್ಗೆಯ ಪುಸ್ತಕವಿರಲಿ, ಮಧ್ಯಾಹ್ನದ ಬೀದಿಯಿರಲಿ, ಇವೆರಡರ ನಡುವೆ ನಡೆದ ಪ್ರಶ್ನೆಯಿರಲಿ. ಚೀಕಲಪರವಿಯ ದಾಸಪ್ಪನು ಕಾಶಿಯಿಂದ ಪದಗಳನ್ನು ತಂದನು; ಹೈದರಾಬಾದಿಗೆ ಹೋದವರ ಉರ್ದು ವಿದ್ಯೆಯು ಕನ್ನಡಕ್ಕೆ ಹೊಸ ಮಟ್ಟನ್ನು ತಂದಿತು. ಗದ್ಯವನ್ನು ತರುವ ಕೆಲಸವು ಇವರ ಪಾಲಿಗೆ ಉಳಿದಿದೆ. ಜಿಲ್ಲೆಯ ಮಾಸಪತ್ರಿಕೆಯೊಂದಕ್ಕೆ ಇಂಥ ಬರಹವನ್ನು ಅಚ್ಚು ಹಾಕುವದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇರೆ ಯಾವುದಿದ್ದೀತು?